ಕಪ್ಪು ಕಿವಿಯ ಕುರಿ

ಟ್ರಂಕಿನಲ್ಲಿದ್ದ ಹಳೇ ಕಂಬಳಿ ಕೊಡವಿದಾಗ ಉಣ್ಣೆಯ ವಾಸನೆಯೊಂದಿಗೆ ಹಳದಿ ಕ್ಯಾಸೆಟ್ಟೊಂದು ಕಾಲ ಮೇಲೆ ಬಿತ್ತು. ಹಾಡಿನದಲ್ಲ, ವಿಡಿಯೋ ಗೇಮಿನದು. ಅದರ ಹೆಸರು ಕೇಳಬೇಡಿ, ಮೇಲಿರುವ ಲಿಪಿ ಯಾವ ದೇಶದ್ದೋ ನನಗೇ ಗೊತ್ತಿಲ್ಲ. ಚಳ್ಳಕೆರೆಯಲ್ಲಿ ನನ್ನ ಓರಗೆಯವರೆಲ್ಲ ಕಾರು ಓಡಿಸುವ ಆಟಗಳಲ್ಲಿ ಮುಳುಗಿದ್ದಾಗ, ಅಂಗಡಿಯಲ್ಲಿ ಯಾರೂ ಕೇಳದೆ ಉಳಿದಿದ್ದ ಇದು ನನ್ನ ಪಾಲಿಗೆ ಬಂದಿತ್ತು.

ಕತ್ತಿ ಹಿಡಿದ ವೀರನೊಬ್ಬ ಏಳು ಗುಹೆ ದಾಟಿ, ರಾಕ್ಷಸನನ್ನು ಕೊಂದು, ರಾಜಕುಮಾರಿಯನ್ನು ಬಿಡಿಸಬೇಕು. ಮೊದಲ ಗುಹೆಯ ಮುಂದೆ ಒಂದು ಹಳ್ಳಿ, ಬಾವಿ, ಬೇಲಿ, ಅಂದಕ್ಕೆಂದು ನಿಲ್ಲಿಸಿದ ಆರು ಕುರಿ, ಅದರಲ್ಲೊಂದಕ್ಕೆ ಕಪ್ಪು ಕಿವಿ. ಆ ಕುರಿಗಳೇ ನನ್ನ ಶೌರ್ಯಕ್ಕೆ ಮುಳುವಾದವು.

ಏಕೆಂದರೆ ಆ ರಜೆಯಲ್ಲಿ ಅವ್ವನ ಅಣ್ಣ, ತಿಪ್ಪಣ್ಣ ಮಾವ, ಮೊಳಕಾಲ್ಮುರು ಕಡೆಯಿಂದ ಬಂದಿದ್ದ. ಹುಟ್ಟಿದಾಗಿನಿಂದ ಕುರಿ ಕಾಯ್ದವನು. ಟಿವಿ ಮುಂದೆ ಕೂತು, ಈ ಕುರಿ ಯಾರವು ಎಂದ. ಯಾರವೂ ಅಲ್ಲ ಎಂದೆ. ಯಾರದೂ ಅಲ್ಲದ ಕುರಿ ಲೋಕದಲ್ಲೇ ಇಲ್ಲ ಎಂದು ಗದರಿದ. ವೀರ ಹಿಂದಿನಿಂದ ತಳ್ಳಿದರೆ ಕುರಿ ಒಂದು ಹೆಜ್ಜೆ ಮುಂದಿಡುತ್ತದೆ ಎಂದು ಕಂಡುಹಿಡಿದವನೂ ಅವನೇ. ಅಲ್ಲಿಗೆ ಮುಗಿಯಿತು. ಬೇಲಿಯನ್ನೇ ಕುರಿದೊಡ್ಡಿಯ ರೊಪ್ಪ ಮಾಡಿಕೊಂಡು ನನ್ನ ವೀರ ಕುರಿ ಕೂಡಿದ್ದೇ ಕೂಡಿದ್ದು. ಮಾವ ಪಕ್ಕದಲ್ಲಿ ಕೂತು ನನ್ನನ್ನು ಕನ್ನಡದಲ್ಲೂ ಕುರಿಗಳನ್ನು ತೆಲುಗಿನಲ್ಲೂ ಬೈಯುತ್ತಿದ್ದ.

ರಾಜಕುಮಾರಿ ಸೆರೆಯಲ್ಲಿದ್ದಾಳೆ ಎಂದು ಗೋಗರೆದೆ.

"ಆಕೆಗೆ ಅಪ್ಪ ಅವ್ನೆ, ಅವನೂ ರಾಜ. ಇವಕ್ಕೆ ಯಾರವ್ರೆ?"

ಹೇಳಿ, ಇದಕ್ಕೆ ನೀವಾದರೂ ಏನು ಉತ್ತರ ಕೊಡುತ್ತಿದ್ದಿರಿ?

ಒಂದು ಮಧ್ಯಾಹ್ನ, "ಚಾ ಕುಡ್ದು ಬರ್ತೀನಿ, ನೋಡ್ಕೋ" ಎಂದು ಮಾವ ಹೋಟೆಲಿಗೆ ಹೋದ. ನೋಡಿಕೊಂಡೆನೇ? ಹಗ್ಗ ಬಿಚ್ಚಿದ ಹೋರಿಯಂತೆ ಗುಹೆಗೆ ನುಗ್ಗಿದೆ. ಹೊರಬಂದರೆ ಬೇಲಿಯೊಳಗೆ ಐದೇ. ಮಾವ ಬಾಗಿಲಲ್ಲೇ ನಿಂತು, ಕಪ್ಪು ಕಿವಿಯದು ಎಲ್ಲಿ ಎಂದ.

"ನಿನ್ನ ಕೈಗೆ ಕುರಿ ಕೊಡಬಾರ್ದು ಅಳಿಯ" ಎಂದಷ್ಟೇ ಹೇಳಿ ಬಸ್ಸು ಹತ್ತಿದ. ನಾನು ಮತ್ತೆ ಆ ಆಟ ಮುಟ್ಟಲಿಲ್ಲ.

ನಗಬೇಡಿ. ನಾನು ಆಮೇಲೆ ಮೇಷ್ಟ್ರಾದೆ, ಐವತ್ತು ಮಕ್ಕಳನ್ನು ಹಂಪಿಗೆ ಕರೆದೊಯ್ದು ಐವತ್ತನ್ನೂ ವಾಪಸ್ ತಂದೆ. ಆದರೂ ಮಾವನ ಲೆಕ್ಕದಲ್ಲಿ ಕುರಿ ಕಳೆದವನೇ. ಊರಿಗೆ ಹೋದಾಗ ತನ್ನ ಮಂದೆಯ ಹತ್ತಿರ ನನ್ನೊಬ್ಬನನ್ನೇ ಎಂದೂ ಬಿಡುತ್ತಿರಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಮಂಡಿನೋವಿಗೆ ಔಷಧಿ ಮಾಡಿಸಿಕೊಳ್ಳಲು ಮಾವ ಈಗ ನಮ್ಮಲ್ಲೇ ಇದ್ದಾನೆ. ಕ್ಯಾಸೆಟ್ಟಿಗೆ ಊದಿ, ಹಳೇ ಗೇಮಿನ ಪೆಟ್ಟಿಗೆಗೆ ಸಿಕ್ಕಿಸಿ, ಟಿವಿಗೆ ಜೋಡಿಸಿ ಮೊದಲಿನಿಂದ ಆಡಿದೆ. ಗುಹೆ ಹೊಕ್ಕು ಬರುವಷ್ಟರಲ್ಲಿ ಮತ್ತೆ ಐದೇ. ಈ ಸಲ ನಿಲ್ಲಲಿಲ್ಲ, ಪೆಟ್ಟಿಗೆ ಆರಿಸದೆ ನಾಲ್ಕು ದಿನದಲ್ಲಿ ಏಳೂ ಗುಹೆ ದಾಟಿದೆ. ರಾಕ್ಷಸನ ಗದ್ದುಗೆಯ ಹಿಂದೆ ಕಪ್ಪು ಕಿವಿಯದು ಹುಲ್ಲು ಮೇಯುತ್ತಿತ್ತು!

ರಾಕ್ಷಸನ ಮೇಲೆ ಕತ್ತಿ ಎತ್ತಿದೆ. ಪಕ್ಕದಲ್ಲಿ ಕೂತಿದ್ದ ಮಾವ ನನ್ನ ಕೈ ಹಿಡಿದ.

"ತಡಿಯಲೇ. ಇಷ್ಟು ವರ್ಷ ಮೇಯ್ಸವ್ನೆ. ಮೈ ಎಷ್ಟು ತುಂಬೈತೆ ನೋಡು."

ಹೊಡೆಯದಿದ್ದರೆ ರಾಕ್ಷಸ ಏನೂ ಮಾಡುವುದಿಲ್ಲವೆಂದು ಆಗ ತಿಳಿಯಿತು. ಮೂಲೆಯಲ್ಲಿ ರಾಜಕುಮಾರಿ ಕೈ ಬೀಸುತ್ತಿದ್ದಳು, ನಾವಿಬ್ಬರೂ ಅತ್ತ ನೋಡಲಿಲ್ಲ.

ಒಂದೊಂದೇ ಹೆಜ್ಜೆ ತಳ್ಳುತ್ತ ಈಗ ಐದನೇ ಗುಹೆಗೆ ಮರಳಿದ್ದೇವೆ. ಮನೆಯಲ್ಲಿ ಅನಿವಾರ್ಯ ಕೆಲಸವೆಂದು ಶಾಲೆಗೆ ರಜಾ ಚೀಟಿ ಕಳಿಸಿದ್ದೇನೆ. ಈಗಷ್ಟೇ ಮಾವ ಮಂಡಿ ಹಿಡಿದು ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲಲ್ಲಿ ಒಂದು ಗಳಿಗೆ ನಿಂತ.

"ಚಾ ಕುಡ್ದು ಬರ್ತೀನಿ. ನೋಡ್ಕೋ."

ತಿರುಗಿಯೂ ನೋಡದೆ ಹೋದ. ಕರೆಂಟು ಹೋದರೆ ಆಟ ಮತ್ತೆ ಮೊದಲಿನಿಂದ. ಮಾವ ಬರುವವರೆಗೆ ಅದು ಹೋಗದಿರಲೆಂದು ನಾಯಕನಹಟ್ಟಿ ಸ್ವಾಮಿಗೆ ಹರಕೆ ಹೊತ್ತು ಕೂತಿದ್ದೇನೆ.