ಬಟ್ಟಲಜ್ಜನ ಇನ್ನೊಂಚೂರು

ಲೇತಿನ ಮೇಲೆ ಮರದ ಬಟ್ಟಲು ಕಡೆಯುವ ನಮ್ಮ ಬೀದಿಯ ಬಟ್ಟಲಜ್ಜನಿಗೆ ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯದು. ಅಂಚು ದಪ್ಪವಾಯಿತೆಂದು ಉಳಿ ಹಿಡಿಯುತ್ತಾನೆ. ಅಂಚು ತೆಳುವಾದರೆ ಹೊಟ್ಟೆ ಉಬ್ಬಿದಂತೆ ಕಾಣುತ್ತದೆ. ದಾರಿಯಲ್ಲಿ ಹೋಗುವವರನ್ನು ಕರೆದು, "ನೋಡಪ್ಪಾ, ಇನ್ನೊಂಚೂರು ತೆಗೀಲಾ, ಬೇಡ್ವಾ?" ಎನ್ನುತ್ತಾನೆ, ಅವರು ಬಾಯಿ ತೆರೆಯುವಷ್ಟರಲ್ಲಿ ತೆಗೆದೇ ಬಿಟ್ಟಿರುತ್ತಾನೆ. ಹಣ್ಣಿಡುವ ಬಟ್ಟಲು ಉಪ್ಪಿಡುವ ಬಟ್ಟಲಾಗಿ, ಕೊನೆಗೆ ತಳ ಕಿತ್ತುಹೋಗಿ ಬಳೆಯಾಗುತ್ತದೆ. ಮೊದಲು ಹೀಗಿರಲಿಲ್ಲ. ಬಟ್ಟಲು ತೆಳುವಾದಂತೆ ಉಳಿಯ ಸದ್ದು ಕೀರಲಾಗುತ್ತದೆ, ಅದನ್ನು ಅಡುಗೆಮನೆಯಿಂದಲೇ ಕೇಳಿಸಿಕೊಂಡು ಅವನ ಹೆಂಡತಿ, ಅಜ್ಜಿ, "ಸಾಕು, ತೆಗೀರಿ ಕೈ!" ಎಂದು ಕೂಗುತ್ತಿದ್ದಳು. ಈಗ ಅಜ್ಜಿಗೆ ಕಿವಿ ಕೇಳುವುದಿಲ್ಲ. ಅಜ್ಜ ಮಾತ್ರ ಇವತ್ತಿಗೂ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿ, "ಅವಳಿನ್ನೂ ಸಾಕು ಅಂದಿಲ್ವಲ್ಲ" ಎಂದು ಗೊಣಗುತ್ತ ಮತ್ತೆ ಉಳಿ ಒತ್ತುತ್ತಾನೆ.