ಸಿಂಬೆಯ ಬಿಗಿ

ನಮ್ಮ ಅಡುಗೆಮನೆಯ ಗೋಡೆಯಲ್ಲಿ, ನೀರಿನ ಹಂಡೆಯ ಮೇಲ್ಗಡೆ, ಒಂದು ಮೊಳೆಗೆ ಸಿಂಬೆ ನೇತುಬಿದ್ದಿದೆ. ಹಳೇ ಸೀರೆಯನ್ನು ಹಗ್ಗದಂತೆ ಹೊಸೆದು, ಬಳೆಯಂತೆ ಸುತ್ತಿ, ತಲೆಗೂ ಬಿಂದಿಗೆಗೂ ನಡುವೆ ಇಡುವ ಸಿಂಬೆ; ನಿಮ್ಮ ಅಜ್ಜಿಯ ಮನೆಯಲ್ಲೂ ಒಂದು ಇದ್ದೀತು. ಮಸಿ, ಎಣ್ಣೆ, ಬೆವರು ಎಲ್ಲವನ್ನೂ ಕುಡಿದು ಅದರ ಬಣ್ಣ ಯಾವುದೆಂದು ನನಗೇ ಮರೆತುಹೋಗಿತ್ತು. ಅಂಗಳಕ್ಕೆ ನಲ್ಲಿ ಬಂದ ಮೇಲೂ ಅದನ್ನು ಎಸೆಯಲಿಲ್ಲ. ಪ್ರೀತಿಗೆಂದು ತಿಳಿಯಬೇಡಿ, ಹರಿಯದ ವಸ್ತುವನ್ನು ಎಸೆಯುವ ರೂಢಿ ನಮ್ಮಲ್ಲಿಲ್ಲ.

ಮದುವೆಯಾಗಿ ಹಾರನಹಳ್ಳಿಯ ಕಡೆಗೆ ಬಂದ ಹೊಸತರಲ್ಲಿ, ನೆತ್ತಿ ನೋಯುತ್ತದೆಂದು ಹತ್ತಿ ತುಂಬಿ ಮೆತ್ತಗಿನ ಸಿಂಬೆ ಮಾಡಿಕೊಂಡಿದ್ದೆ. ಬಿಂದಿಗೆ ಅದರ ಮೇಲೆ ಕುಣಿಯಿತು. ಮನೆ ತಲುಪುವಷ್ಟರಲ್ಲಿ ಅರ್ಧ ನೀರು ನನ್ನ ಕುಪ್ಪಸದೊಳಗಿತ್ತು. ನಮ್ಮತ್ತೆ ಬೈಯುವುದರಲ್ಲಿ ಜಿಪುಣಿಯಲ್ಲ. “ನೀರ್ಗೋಗಿದ್ದಾ, ಮೀಯಕ್ಕೋಗಿದ್ದಾ? ಮೆತ್ಗಿದ್ರೆ ಕುಣೀತದೆ ಕಣವ್ವ!” ಎಂದು, ಗೂಟದ ಮೇಲಿದ್ದ ತನ್ನದೊಂದು ಸೀರೆಯನ್ನೆಳೆದು, ಮೊಣಕಾಲಿನಡಿ ಒತ್ತಿಕೊಂಡು, ಕಲ್ಲಿನಂತೆ ಹೊಸೆದು ಕೊಟ್ಟಳು. ಮೊದಮೊದಲು ನೆತ್ತಿ ಉರಿಯಿತು. ನೀರು ಮಾತ್ರ ಚೆಲ್ಲಲಿಲ್ಲ.

ಈ ಮಾತು ಕಾರಿನ ಮುಂದಿನ ಚಕ್ರಕ್ಕೂ ಸಲ್ಲುತ್ತದೆಂದು ನನಗೆ ತಿಳಿಯಲು ಒಂದು ಕಣ್ಣು ಹೋಗಿ, ಇನ್ನೊಂದು ಹೋಗುವುದರಲ್ಲಿರಬೇಕಾಯಿತು. ಎಡಗಣ್ಣು ಎಂದೋ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ ಮನೆಯಲ್ಲಿ ಕಡ್ಡಿ ಚುಚ್ಚಿ ಹೋಗಿತ್ತು. ಉಳಿದ ಬಲಗಣ್ಣಿಗೂ ಪೊರೆ ಬಂದು, ಮನುಷ್ಯರನ್ನು ದನಿಯಿಂದ, ದನಗಳನ್ನು ವಾಸನೆಯಿಂದ ಗುರುತು ಹಿಡಿಯುವ ಹಾಗಾಗಿತ್ತು. ಮೈಸೂರಿನ ಡಾಕ್ಟರಮ್ಮ ನೋಡಿ, “ಆಪರೇಷನ್ ಮಾಡೋಣ. ಆದರೆ ಊರಿಗೆ ಹೋಗುವಾಗ ತಲೆ ಕುಲುಕಬಾರದು. ಹೊಲಿಗೆ ಬಿಟ್ಟರೆ ಈ ಕಣ್ಣೂ ನಿಮ್ಮದಲ್ಲ” ಅಂದರು.

ನನ್ನನ್ನು ಕರೆದೊಯ್ದವನು ನಮ್ಮ ಭಾವನ ಮಗ ಶಿವಣ್ಣ. ಬಾಡಿಗೆ ಕಾರು ಓಡಿಸುತ್ತಾನೆ. ಚಿಕ್ಕವ್ವನ ಮೈ ನೋಯದಿರಲೆಂದು ಮುಂದಿನ ಚಕ್ರಗಳಿಗೆ ಮೆತ್ತಗಿನ ಸ್ಪ್ರಿಂಗು ಹಾಕಿಸಿದ್ದ. ಡಾಕ್ಟರಮ್ಮನನ್ನು ಕಂಡು ವಾಪಸು ಬರುವಾಗ, ಹುಣಸೂರು ಇನ್ನೇನು ಸಿಕ್ಕಿತೆನ್ನುವಲ್ಲಿ, ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿದ್ದ ರಸ್ತೆಯಲ್ಲಿ ಕಾರಿನ ಮೂತಿ ಹಗ್ಗ ಬಿಚ್ಚಿದ ಆಡಿನಮರಿಯಂತೆ ನೆಗೆಯತೊಡಗಿತು.

“ರಸ್ತೆ ಸರಿಯಿಲ್ಲ ಚಿಕ್ಕವ್ವ” ಅಂದ ಶಿವಣ್ಣ.

“ಉಬ್ಬು ದಾಟಿ ಆಗೋಯ್ತು ಕಣ್ಲಾ, ನಿನ್ ಕಾರು ಇನ್ನೂ ಕುಣೀತಾನೇ ಅದೆ. ಯಾರ್ಗಾದ್ರೂ ತೋರ್ಸು.”

ಹುಣಸೂರಿನ ರಹಮತ್ ಸಾಬರ ರಿಪೇರಿ ಷೆಡ್ಡಿನ ಮುಂದೆ ನಿಲ್ಲಿಸಿದ. ಸಾಬರು ಕಾರಿನ ಮೂತಿಯನ್ನು ಎರಡು ಕೈಯಲ್ಲೂ ಅದುಮಿ ಬಿಟ್ಟರು. ಕೀಚ್, ಕೀಚ್, ಕೀಚ್ ಎಂದು ಅದು ಏಳುತ್ತ ಬೀಳುತ್ತ ಇರುವುದು ನನಗೆ ಕೇಳಿಸಿತು. “ಒಂದ್ಸಲ ಎದ್ದು ಕೂತ್ಕೋಬೇಕು. ಇದು ಉಯ್ಯಾಲೆ ಆಡ್ತಾ ಐತೆ” ಎಂದವರು ಚಕ್ರದ ಬಳಿ ಕುಳಿತು, “ಇಲ್ನೋಡಿ ಅವ್ವಾ” ಎಂದು ಕರೆದರು.

“ಕಣ್ ಕಾಣ್ದೋಳ್ಗೆ ನೋಡು ಅಂತೀಯಲ್ಲಪ್ಪ!”

“ಕೈಲಿ ನೋಡಿ” ಎಂದು ನನ್ನ ಅಂಗೈಯನ್ನು ಟೈರಿನ ಮೇಲೆ ಸವರಿಸಿದರು. ಒಂದೆಡೆ ತಗ್ಗು, ಒಂದೆಡೆ ದಿಬ್ಬ. ಬೇಕಾಬಿಟ್ಟಿ ಉತ್ತ ಹೊಲದ ಹಾಗಿತ್ತು. ಚಕ್ರ ನೆಲ ಬಿಟ್ಟು ಹಾರಿ, ಹಾರಿ ಬಿದ್ದ ಕಡೆಯಷ್ಟೇ ಸವೆದಿದೆಯಂತೆ. ಸ್ಪ್ರಿಂಗಿನ ಜೊತೆಗಿರುವ ಎಣ್ಣೆಯ ಕೊಳವೆ, ಶಾಕ್ಸು ಅನ್ನುತ್ತಾರಲ್ಲ, ಅದು ಸೋರಿ ಬರಿದಾಗಿತ್ತು. “ಕುಣಿಯಾಕೆ ಸ್ಪ್ರಿಂಗು, ಅದ್ರ ಕೈ ಹಿಡಿಯಾಕೆ ಶಾಕ್ಸು. ಹಿಡಿಯೋನೇ ಸತ್ತೋಗವ್ನೆ. ಹೊಸದು ಹಾಕಿ, ಸ್ಪ್ರಿಂಗೂ ಗಟ್ಟೀದು ಹಾಕ್ಬೇಕು.”

ಶಿವಣ್ಣನಿಗೆ ಅಳುವೇ ಬಂತು. “ಗಟ್ಟಿ ಮಾಡ್ಬುಟ್ರೆ ಏಟೆಲ್ಲ ಚಿಕ್ಕವ್ವನ ಕಣ್ಣಿಗೇ ಬೀಳ್ತದೆ ಸಾಬ್ರೆ! ಇರೋದೇ ಒಂದು!”

“ಏಟು ಒಂದೇ ಸಲ ಬೀಳ್ತದೆ. ಈಗ ಒಂದೊಂದ್ ಗುಂಡಿಗೂ ನಾಕ್ ನಾಕ್ ಸಲ ಬೀಳ್ತಾ ಐತೆ” ಅಂದರು ಸಾಬರು.

ಕಣ್ಣು ನನ್ನದು, ಮಾತೂ ನನ್ನದೇ ಆಗಬೇಕಿತ್ತು. ಬಾಯಿ ತೆರೆದರೆ ಹೊರಟದ್ದು ಸತ್ತ ಅತ್ತೆಯ ದನಿ: “ಬಿಗಿ ಮಾಡಪ್ಪ. ಮೆತ್ಗಿದ್ರೆ ಕುಣೀತದೆ.”

ಲೋಕದಲ್ಲಿ ಮೆತ್ತಗಿರುವುದಕ್ಕೇ ಒಳ್ಳೆಯ ಹೆಸರು. ನಮ್ಮ ಯಜಮಾನರು ಮೆತ್ತಗಿನ ಮನುಷ್ಯ, ಊರೆಲ್ಲ ಹೊಗಳುತ್ತಿತ್ತು. ಕಷ್ಟ ಬಂದರೆ ಕಷ್ಟದ ಜೊತೆಗೇ ಕುಣಿಯುತ್ತಿದ್ದರು. ಅತ್ತೆ ಒಂದು ಸಲ “ಹೂಂ” ಎಂದು ಅದನ್ನು ಅದುಮಿ ಕೂರುತ್ತಿದ್ದಳು. ನನ್ನ ಎರಡು ಬಾಣಂತನ, ಮಾವನ ಸಾವು, ಸುಟ್ಟುಹೋದ ಬ್ಯಾರನ್ನು, ಎಲ್ಲಕ್ಕೂ ಅದೊಂದೇ ಹೂಂಕಾರ. ಒಳ್ಳೆಯ ಮಾತೊಂದನ್ನು ಅವಳ ಬಾಯಿಂದ ಕೇಳಿದ ನೆನಪಿಲ್ಲ, ಮನೆ ಅಲುಗಿದ ನೆನಪೂ ಇಲ್ಲ. ಹಾಗೆಂದು ಶಿವಣ್ಣನ ಮೆತ್ತಗಿನ ಸ್ಪ್ರಿಂಗನ್ನು ಹೀಗಳೆಯಲಾರೆ. ಹೆತ್ತ ಮಕ್ಕಳಿಗೂ ಹೊಳೆಯದ ಕಾಳಜಿ ಅದು; ಹಿಡಿಯುವ ಕೈಯೊಂದು ಜೊತೆಗಿರಲಿಲ್ಲ, ಅಷ್ಟೆ.

ಆಪರೇಷನ್ ಮುಗಿಸಿ ಹೊರಟಾಗ ಶಿವಣ್ಣ, ಸಾಬರು ಬಿಗಿ ಮಾಡಿಕೊಟ್ಟ ಕಾರಿನ ಹಿಂದಿನ ಸೀಟಿನಲ್ಲಿ ಹತ್ತಿಯ ದಿಂಬು ಇಟ್ಟಿದ್ದ. ನಾನು ಮನೆಯಿಂದ ತಂದಿದ್ದ ಗಂಟಿನಿಂದ ಅತ್ತೆ ಹೊಸೆದ ಸಿಂಬೆ ತೆಗೆದು, ಅದರೊಳಗೆ ತಲೆಯನ್ನು ಬಿಂದಿಗೆಯಂತೆ ಕೂರಿಸಿ ಮಲಗಿದೆ. ಇಷ್ಟು ಕಾಲ ತಲೆಯ ಮೇಲಿದ್ದದ್ದು ಅಂದು ತಲೆಯ ಕೆಳಗೆ ಬಂತು. ನೆರಿಗೆಯ ರಸ್ತೆ ಬಂದಾಗ ಶಿವಣ್ಣನ ಉಸಿರು ನಿಂತದ್ದು ನನಗೆ ತಿಳಿಯಿತು. ಧಡ್ ಎಂದು ಏಟು ಬಂತು, ಮೂಳೆಗೆ ತಾಕುವಂಥ ಏಟೇ; ಬಂದದ್ದು ಅಲ್ಲೇ ಸತ್ತಿತು. ಚಕ್ರ ನೆಲ ಬಿಡಲಿಲ್ಲ.

“ಚಿಕ್ಕವ್ವಾ?”

“ಬದ್ಕಿವ್ನಿ. ಮುಂದಕ್ ನೋಡ್ಕಂಡು ಓಡ್ಸು.”

ಹೊಲಿಗೆ ನಿಂತಿತು, ಕಣ್ಣು ಉಳಿಯಿತು. ಅವರೆಕಾಯಿಯ ಕಾಲದಲ್ಲಿ ನಮ್ಮ ಹೊಲದ ಮೊದಲ ಕೊಯ್ಲು ಈಗ ರಹಮತ್ ಸಾಬರ ಮನೆಗೆ ಹೋಗುತ್ತದೆ.

ಕಟ್ಟು ಬಿಚ್ಚಿಸಿಕೊಂಡು ಬಂದ ದಿನ, ಆಸ್ಪತ್ರೆಯ ವಾಸನೆ ಹೋಗಲೆಂದು ಸಿಂಬೆಯನ್ನು ಬಿಚ್ಚಿ, ಒಗೆದು, ಬಿಸಿಲಿಗೆ ಹಿಡಿದೆ. ಒಳಮಡಿಕೆಯಲ್ಲಿ, ಬೆವರು ಮುಟ್ಟದ ಜಾಗದಲ್ಲಿ, ಗೇಣುದ್ದ ಅಂಚು ಉಳಿದಿತ್ತು. ಕೆಂಪು. ದಾಸವಾಳದ ಕೆಂಪು. ಅತ್ತೆ ಬೈದದ್ದು ಅಕ್ಷರಕ್ಷರ ನೆನಪಿತ್ತು, ಸೀರೆಯ ಬಣ್ಣ ಮರೆತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದೆ. ಆಮೇಲೆ ಮೊಣಕಾಲಿನಡಿ ಒತ್ತಿಕೊಂಡು, ಅಂಚು ಹೊರಗೆ ಬರುವಂತೆ ಬಿಗಿಯಾಗಿ ಹೊಸೆದು, ಅದೇ ಮೊಳೆಗೆ ನೇತುಹಾಕಿದೆ.