ಚೈತ್ರಾಳ ಕುಜ

ನಿಟ್ಟುವಳ್ಳಿಯಲ್ಲಿ ಜಾತಕ ಮುದ್ರಿಸಿಕೊಡುವ ಚೈತ್ರಾಳ ಅಂಗಡಿಯಲ್ಲಿ ಗಿರಾಕಿ ಎಷ್ಟು ಹೊತ್ತಾದರೂ ನಿಲ್ಲಬಹುದು, ಗ್ರಹ ಮಾತ್ರ ತಪ್ಪು ಜಾಗದಲ್ಲಿ ನಿಲ್ಲುವಂತಿಲ್ಲ. ಸಂಜೆಯಾದರೆ ಸ್ಕೂಟಿ ಹತ್ತಿ ಕೊಂಡಜ್ಜಿ ಕೆರೆಯ ಏರಿಗೆ ಹೋಗಿ, ಮೊಬೈಲಿನ ಜಾತಕ ತಂತ್ರಾಂಶ ತೋರಿಸುವ ಆಕಾಶವನ್ನು ಮೇಲಿನ ಆಕಾಶಕ್ಕೆ ಹಿಡಿದು ನೋಡುತ್ತಾಳೆ. ವ್ಯತ್ಯಾಸ ಕಂಡರೆ ತಂತ್ರಾಂಶ ಮಾಡಿದವರಿಗೇ ಫೋನ್. “ನಿಮ್ಮ ಕುಜ ಅರ್ಧ ಡಿಗ್ರಿ ಹಿಂದೆ ಅದಾನ್ರಿ” ಎಂದು ಹನ್ನೊಂದು ಸಲ ಹೇಳಿ, ಕೊನೆಗೆ ತಾನೇ ಕೂತು ಅದರ ಲೆಕ್ಕ ತಿದ್ದಿದಳು. ತಿದ್ದಿದ್ದೇ ತಡ, ಅವಳದೇ ಜಾತಕದಲ್ಲಿ ಕುಜ ಗಡಿ ದಾಟಿ ಏಳನೇ ಮನೆ ಹೊಕ್ಕ. ಅದನ್ನೇ ಮುದ್ರಿಸಿ, ತನ್ನನ್ನು ಕೇಳಿ ಬಂದಿದ್ದ ಹರಿಹರದ ಗಂಡಿನವರಿಗೆ ಕಳಿಸಿದಳು. ಕುಜದೋಷವೆಂದು ಅವರು ಸಂಬಂಧ ಬಿಟ್ಟರು. “ಮುಂದಿನೋರಿಗಾದ್ರೂ ಹಳೇ ಜಾತಕ ಕೊಡೇ” ಎಂದು ತಾಯಿ ಕೊಟ್ರವ್ವ ಈಗಲೂ ಗೋಗರೆಯುತ್ತಾಳೆ. “ಕುಜ ಇರೋದೇ ಅಲ್ಲಿ ಯವ್ವ, ನಾ ಜರುಗ್ಸಲ್ಲ. ಜರುಗೋದಿದ್ರೆ ಗಂಡಿನೋರು ಜರುಗ್ಲಿ.”